ಅವನಿಗೆ ಗುಲಾಬಿ, ಅವಳಿಗೆ ನರಕ

ಒಂದೇ ಹಾಡನ್ನು ಹತ್ತು ಜನ ಹಾಡಿದ್ದರೆ ಅದರಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಜಗಳಕ್ಕೆ ನಿಲ್ಲುವವರನ್ನು ನೀವೂ ನೋಡಿರುತ್ತೀರಿ. ಅವರ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ಜಗಳವೇ ಬೇರೆ. ಒಂದು ಹಾಡು ಬಾಯಿಂದ ಬಾಯಿಗೆ ಹೋಗುವಾಗ ಯಾರ ಮಾನವನ್ನು ಉಳಿಸಿತು, ಯಾರ ಮಾನವನ್ನು ಬೀದಿಗೆ ಎಳೆಯಿತು ಎಂದು ನಾವೇಕೆ ಕೇಳುವುದಿಲ್ಲ?

ನಾನು ಹೇಳಹೊರಟಿರುವುದು ಅಮೆರಿಕದ ಒಂದು ಪ್ರಸಿದ್ಧ ಕೌಬಾಯ್ ಹಾಡಿನ ವಿಷಯ. ‘ಸ್ಟ್ರೀಟ್ಸ್ ಆಫ್ ಲರೆಡೋ’ ಎಂದು ಅದರ ಹೆಸರು. ‘ಕೌಬಾಯ್ಸ್ ಲ್ಯಾಮೆಂಟ್’ ಎಂದೂ ಕರೆಯುತ್ತಾರೆ. ಲರೆಡೋ ಎಂಬುದು ಟೆಕ್ಸಸ್ ರಾಜ್ಯದಲ್ಲಿ, ರಿಯೊ ಗ್ರಾಂಡೆ ನದಿಯ ದಂಡೆಯ ಮೇಲಿರುವ ಊರು. ನದಿಯ ಆಚೆಗೆ ಮೆಕ್ಸಿಕೋ. ಹಾಡಿನ ಕಥೆ ಇಷ್ಟೆ: ಬೀದಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ದನಗಾಹಿ, ಬಿಳಿಯ ಬಟ್ಟೆ ಸುತ್ತಿಕೊಂಡು ಸಾಯಲು ಬಿದ್ದಿರುವ ಇನ್ನೊಬ್ಬ ಎಳೆಯ ದನಗಾಹಿಯನ್ನು ಕಾಣುತ್ತಾನೆ. ಎದೆಗೆ ಗುಂಡೇಟು ಬಿದ್ದಿದೆ. ಕುಡಿತ, ಜೂಜು ಎಂದು ದಾರಿ ತಪ್ಪಿದೆ ಎಂದು ಹುಡುಗ ಒಪ್ಪಿಕೊಳ್ಳುತ್ತಾನೆ. ತನ್ನ ಶವಯಾತ್ರೆ ಹೇಗಿರಬೇಕೆಂದು ಹೇಳುತ್ತಾನೆ: ಹೊರುವುದಕ್ಕೆ ಗೆಳೆಯರು, ಜೊತೆಗೆ ಹುಡುಗಿಯರು, ಮೆಲ್ಲಗೆ ಬಡಿಯುವ ಡೋಲು, ಕೊಳಲು, ಪೆಟ್ಟಿಗೆಯ ಮೇಲೆ ರಾಶಿ ಗುಲಾಬಿ. ಆಮೇಲೆ ಸಾಯುತ್ತಾನೆ. ತಪ್ಪು ಮಾಡಿದವನಾದರೂ ಅವನು ನಮ್ಮವನೇ, ಚೆಲುವ, ಧೀರ ಎಂದು ಗೆಳೆಯರು ಅತ್ತು ಕಳಿಸಿಕೊಡುತ್ತಾರೆ.

ಕೇಳಿದರೆ ಕಣ್ಣು ತೇವವಾಗುತ್ತದೆ. ಇಲ್ಲವೆನ್ನುವುದಿಲ್ಲ. ಮಾರ್ಟಿ ರಾಬಿನ್ಸ್ 1960ರಲ್ಲಿ ಹಾಡಿದ್ದನ್ನು ಕೇಳಿ. ದನಿ ಬೆಣ್ಣೆಯಂತೆ ಜಾರುತ್ತದೆ. ಎಲ್ಲಿಯೂ ಒರಟಿಲ್ಲ, ಸಾವೂ ಸಂಜೆಯ ಬಿಸಿಲಿನಂತೆ ಹಿತವಾಗಿರುತ್ತದೆ. ಜಾನಿ ಕ್ಯಾಶ್ ಇದನ್ನು 1965ರಲ್ಲಿ ತನ್ನ ಪಶ್ಚಿಮ ಸೀಮೆಯ ಹಾಡುಗಳ ಸಂಗ್ರಹದಲ್ಲಿ ಹಾಡಿದ. ಆಗ ಅವನಿಗೆ ಮೂವತ್ತಮೂರು ವರ್ಷ. ಮತ್ತೆ 2002ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅದೇ ಹಾಡನ್ನು ಹಾಡಿದ. ಅವನು ಬದುಕಿರುವಾಗ ಹೊರಬಂದ ಕೊನೆಯ ಆಲ್ಬಂ ಅದು. ಮರುವರ್ಷ ತೀರಿಕೊಂಡ. ಮೊದಲನೆಯದರಲ್ಲಿ ಅವನು ಸಾಯುವ ಹುಡುಗನನ್ನು ನಿಂತು ನೋಡುತ್ತಿರುವ ದಾರಿಹೋಕ. ಎರಡನೆಯದರಲ್ಲಿ ದನಿ ಕುಗ್ಗಿದೆ, ಉಸಿರು ಸಾಲದು. ಹಾಸಿಗೆ ಹಿಡಿದಿರುವವನೇ ತಾನು ಎಂಬಂತೆ ಹಾಡುತ್ತಾನೆ. ಒಬ್ಬನೇ ಮನುಷ್ಯ, ಒಂದೇ ಹಾಡು. ಆದರೂ ಎರಡು ಹಾಡು. ಹೀಗಿರುವಾಗ ಅಸಲಿ ಯಾವುದೆಂದು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಅಸಲಿಯನ್ನು ಹುಡುಕಿಕೊಂಡು ಹೊರಟವರಿಗೆ ಕೈಗೆ ಸಿಗುವುದೂ ಇನ್ನೊಂದು ನಕಲೇ. ಜಾನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕ 1910ರಲ್ಲಿ ತನ್ನ ಕೌಬಾಯ್ ಹಾಡುಗಳ ಪುಸ್ತಕದಲ್ಲಿ ಇದನ್ನು ಅಚ್ಚು ಹಾಕಿಸಿದ. ಫ್ರ್ಯಾಂಕ್ ಮೇನಾರ್ಡ್ ಎಂಬ ದನಗಾಹಿ, 1876ರಲ್ಲಿ ಹಳೆಯದೊಂದು ಹಾಡನ್ನು ತಿದ್ದಿ ಇದನ್ನು ಕಟ್ಟಿದವನು ತಾನೇ ಎಂದು ಹೇಳಿಕೊಂಡ. ಕೆಲವು ಪಾಠಗಳಲ್ಲಿ ಲರೆಡೋ ಊರೇ ಇಲ್ಲ, ಅದರ ಜಾಗದಲ್ಲಿ ಟಾಮ್ ಶೆರ್ಮನ್ ಎಂಬವನ ಹೆಂಡದಂಗಡಿ ಇದೆ. ಇನ್ನೂ ಹಿಂದಕ್ಕೆ ಹೋದರೆ ಸಮುದ್ರ ದಾಟಿ ಬ್ರಿಟನ್, ಐರ್ಲೆಂಡ್ ಸೇರುತ್ತೇವೆ. ಅಲ್ಲಿ ಈ ಹಾಡಿನ ಅಜ್ಜ ಇದ್ದಾನೆ. ‘ದಿ ಅನ್‌ಫಾರ್ಚುನೇಟ್ ರೇಕ್’ ಎಂದು ಅವನನ್ನು ಕರೆಯುತ್ತಾರೆ, ಎಂದರೆ ನತದೃಷ್ಟ ವಿಟ. 1960ರಲ್ಲಿ ಫೋಕ್‌ವೇಸ್ ಎಂಬ ಕಂಪನಿ ಇದೇ ಹೆಸರಿನಲ್ಲಿ ಒಂದು ರೆಕಾರ್ಡ್ ತಂದಿತು. ಈ ಒಂದೇ ವಂಶದ ಇಪ್ಪತ್ತು ರೂಪಗಳನ್ನು ಸಾಲಾಗಿ ಅದರಲ್ಲಿ ಜೋಡಿಸಿದ್ದರು.

ಆ ಅಜ್ಜನ ಹಾಡಿನಲ್ಲಿ ಸಾಯುವವನು ದನಗಾಹಿಯಲ್ಲ, ಸಿಪಾಯಿ. ಅವನನ್ನು ಕೊಲ್ಲುವುದು ಗುಂಡಲ್ಲ, ಗುಹ್ಯರೋಗ. ಆ ಕಾಲದಲ್ಲಿ ಅದಕ್ಕಿದ್ದ ಮದ್ದು ಪಾದರಸ. ನನಗೆ ಮೊದಲೇ ಗೊತ್ತಾಗಿದ್ದರೆ ಪಾದರಸದ ಗುಳಿಗೆಯನ್ನಾದರೂ ನುಂಗಿ ಬದುಕುತ್ತಿದ್ದೆ ಎಂದು ಅವನು ಹಲುಬುತ್ತಾನೆ. ಈಗ ದನಗಾಹಿಯ ಹಾಡನ್ನು ಇನ್ನೊಮ್ಮೆ ಕೇಳಿ. ಹುಲ್ಲುಗಾವಲಿನಲ್ಲಿ ದನ ಹೊಡೆಯುವ ಹುಡುಗನ ಶವಯಾತ್ರೆಗೆ ಡೋಲು, ಕೊಳಲು ಎಲ್ಲಿಂದ ಬಂದವು? ಅವು ಸಿಪಾಯಿಯ ಶವಯಾತ್ರೆಯವು. ಮನೆ ಬದಲಾದರೂ ಹಳೆಯ ಮನೆಯ ಪಾತ್ರೆ ಜೊತೆಗೆ ಬಂದಿದೆ. ಗುಲಾಬಿ ಏಕೆ? ಪೆಟ್ಟಿಗೆಯ ಮೇಲೆ ಬೀಳುವ ಮಣ್ಣಿನ ಸದ್ದು ಕೇಳದಿರಲಿ ಎಂದು ದನಗಾಹಿಯ ಹಾಡು ಹೇಳುತ್ತದೆ. ಹಳೆಯ ಪಾಠಗಳಲ್ಲಿ ಹೂವಿನ ಕೆಲಸ ಬೇರೆ: ರೋಗದಿಂದ ಕೊಳೆತ ಮೈಯ ವಾಸನೆ ದಾರಿಯಲ್ಲಿ ಹೋಗುವವರ ಮೂಗಿಗೆ ಬಡಿಯದಿರಲಿ ಎಂದು.

ರೋಗವನ್ನು ತೆಗೆದು ಗುಂಡನ್ನು ಇಟ್ಟ ಕೂಡಲೇ ಗಂಡಸಿನ ಸಾವು ತೊಳೆದ ಬಟ್ಟೆಯಂತಾಯಿತು. ನಾಚಿಕೆ ಹೋಯಿತು, ಗೌರವ ಬಂತು. ಇದನ್ನು ತೊಳೆದವರು ಯಾರೋ, ಒಬ್ಬರೋ ನೂರು ಜನರೋ. ಅದು ಜನಪದದ ಹಕ್ಕು, ನನ್ನ ತಕರಾರಿಲ್ಲ. ನನ್ನ ತಕರಾರು ಇಲ್ಲಿದೆ: ಇದೇ ವಂಶದಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಾಳೆ. ಅವಳ ಬಟ್ಟೆಯನ್ನು ಯಾರೂ ತೊಳೆಯಲಿಲ್ಲ.

ವರ್ಜೀನಿಯಾದ ಟೆಕ್ಸಸ್ ಗ್ಲ್ಯಾಡನ್ ಎಂಬ ಹೆಂಗಸು ಆ ಹಾಡನ್ನು ಹಾಡುತ್ತಿದ್ದಳು. 1941ರಲ್ಲಿ ಜಾನ್ ಲೋಮ್ಯಾಕ್ಸನ ಮಗ ಆಲನ್ ಅದನ್ನು ಧ್ವನಿಮುದ್ರಿಸಿಕೊಂಡ. ‘ಒನ್ ಮಾರ್ನಿಂಗ್ ಇನ್ ಮೇ’ ಎಂದು ಅದರ ಹೆಸರು. ನೀನಾ ಸಿಮೋನ್ ‘ವೆನ್ ಐ ವಾಸ್ ಎ ಯಂಗ್ ಗರ್ಲ್’ ಎಂಬ ಹೆಸರಿನಲ್ಲಿ ಹಾಡಿದ್ದು 1964ರ ಆಲ್ಬಂನಲ್ಲಿ ಬಂತು. ಕೆನಡಾದ ಗಾಯಕಿ ಫೈಸ್ಟ್ 2004ರಲ್ಲಿ ಮತ್ತೆ ಹಾಡಿದಳು. ಇಲ್ಲಿ ಸಾಯುವವಳು ಹುಡುಗಿ. ಪ್ರಾಯದಲ್ಲಿ ಸುಖ ಹುಡುಕಿದಳು, ಕುಡಿಯುವ ಮನೆಗೆ ಹೋದಳು. ಈಗ ಮೈ ಕೊಳೆಯುತ್ತಿದೆ. ಪಾದರಸ ತಿಂದವರ ಬಾಯಲ್ಲಿ ಸುರಿಯುವ ಜೊಲ್ಲಿನ ಮಾತು ಕೂಡ ಈ ಹಾಡಿನಲ್ಲಿ ಉಳಿದಿದೆ. ಅವಳಿಗೂ ಗುಲಾಬಿ ಇದೆಯೆನ್ನಿ. ಆದರೆ ‘ನರಕವೇ ನನ್ನ ಗತಿ’ ಎಂದು ಅವಳ ಬಾಯಿಂದಲೇ ಹೇಳಿಸಿದ್ದಾರೆ. ಅವನಿಗೆ ಗುಂಡೇಟು, ಇವಳಿಗೆ ರೋಗ. ಅವನು ಧೀರ, ಇವಳು ಪಾಠ.

‘ಹಾಡು ಹಾಡೇ, ಅದರಲ್ಲಿ ನ್ಯಾಯಾಲಯ ಹುಡುಕುತ್ತೀರಲ್ಲ ಮೇಡಂ’ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕರು. ನಗಲಿ. ಆದರೆ ಈ ಹಾಡಿನ ಹಲವು ಹಳೆಯ ಪಾಠಗಳು ಶುರುವಾಗುವುದು ಲಾಕ್ ಆಸ್ಪತ್ರೆಯ ಬಾಗಿಲಲ್ಲಿ. ಗುಹ್ಯರೋಗಿಗಳ ಆಸ್ಪತ್ರೆಗೆ ಆ ಹೆಸರು. ಬ್ರಿಟಿಷ್ ಸರ್ಕಾರ 1864ರಲ್ಲಿ ಒಂದು ಕಾಯಿದೆ ಮಾಡಿತು. ಸಿಪಾಯಿಗಳಿಗೆ ರೋಗ ತಗಲದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಮಾಡಿದ್ದೇನು? ದಂಡು ಇರುವ ಊರುಗಳಲ್ಲಿ ವೇಶ್ಯೆಯೆಂದು ಅನುಮಾನ ಬಂದ ಹೆಂಗಸರನ್ನು ಹಿಡಿದು ಪರೀಕ್ಷಿಸಿ, ರೋಗವಿದ್ದರೆ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಸಿಪಾಯಿಗಳನ್ನು ಹಾಗೆ ಹಿಡಿಯಲು ಆ ಕಾಯಿದೆಯಲ್ಲಿ ಜಾಗವಿರಲಿಲ್ಲ. ಜೋಸೆಫೀನ್ ಬಟ್ಲರ್ ಎಂಬ ಮಹಾತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ 1886ರಲ್ಲಿ ಅದು ರದ್ದಾಯಿತು. ಇದು ದೂರದ ಸಂಗತಿಯೆಂದು ತಿಳಿಯಬೇಡಿ. ಅಂಥದೇ ಕಾಯಿದೆ 1868ರಲ್ಲಿ ನಮ್ಮ ದೇಶಕ್ಕೂ ಬಂತು, 1888ರವರೆಗೆ ಇತ್ತು. ನಮ್ಮ ಕಂಟೋನ್ಮೆಂಟ್ ಊರುಗಳ ಬಡ ಹೆಂಗಸರೂ ಲಾಕ್ ಆಸ್ಪತ್ರೆಯ ಬಾಗಿಲು ಕಂಡವರೇ. ಕಾಯಿದೆ ಮಾಡಿದ್ದನ್ನೇ ಹಾಡೂ ಮಾಡಿದೆ: ಒಂದೇ ರೋಗ, ಅವನನ್ನು ಬಿಟ್ಟಿತು, ಇವಳನ್ನು ಹಿಡಿಯಿತು. ಹಾಡಿನಲ್ಲಿ ನ್ಯಾಯಾಲಯವನ್ನು ನಾನು ಹುಡುಕಲಿಲ್ಲ, ಅದು ಅಲ್ಲೇ ಕುಳಿತಿತ್ತು.

ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು. ದನಗಾಹಿಯ ಹಾಡನ್ನು ಮಕ್ಕಳಿಗೆ ಕಲಿಸಬಹುದು, ರೋಗದ ಹಾಡನ್ನು ಕಲಿಸಲಾಗುತ್ತದೆಯೇ? ಎಳೆಯ ಮಕ್ಕಳಿಗೆ ಬೇಡ, ನಾನೂ ಟೀಚರೇ. ಆದರೆ ದೊಡ್ಡವರು ಕೂತು ಈ ಹಾಡಿನ ಒಳ್ಳೆಯ ರೂಪ ಯಾವುದೆಂದು ಚರ್ಚಿಸುವಾಗಲೂ ರಾಬಿನ್ಸ್, ಕ್ಯಾಶ್ ಎಂದು ಗಂಡಸರ ದನಿಗಳನ್ನೇ ಎಣಿಸಿದರೆ ಅದು ಮಕ್ಕಳ ಮೇಲಿನ ಕಾಳಜಿಯಲ್ಲ. ಹುಡುಗಿಯ ಹಾಡನ್ನು ‘ಬೇರೆ ಹಾಡು’ ಎಂದು ಪಕ್ಕಕ್ಕೆ ಸರಿಸುವುದು, ಮನೆಯ ಮಗಳನ್ನು ವಂಶವೃಕ್ಷದಲ್ಲಿ ಬರೆಯದೆ ಬಿಟ್ಟಂತೆ.

ಹಾಗಾದರೆ ನನಗೆ ಯಾವುದು ಇಷ್ಟ? ಹೇಳಿಬಿಡುತ್ತೇನೆ. ಗಂಡಿನ ಹಾಡುಗಳಲ್ಲಿ ಕ್ಯಾಶ್ ಮುದುಕನಾದ ಮೇಲೆ ಹಾಡಿದ್ದು. ರಾಬಿನ್ಸ್ ತೊಳೆದು ಇಸ್ತ್ರಿ ಮಾಡಿದ ಸಾವಿಗೆ ಅವನ ಸೋತ ಗಂಟಲು ಮತ್ತೆ ಮೈಯನ್ನು, ನೋವನ್ನು ತಂದುಕೊಡುತ್ತದೆ. ಎರಡೂ ಕಡೆ ಸೇರಿಸಿ ಹೇಳುವುದಾದರೆ ನೀನಾ ಸಿಮೋನಳದು. ಮಾತುಗಳು ಅವಳನ್ನು ನರಕಕ್ಕೆ ಕಳಿಸುತ್ತವೆ, ದನಿ ಹೋಗುವುದಿಲ್ಲ. ಅವಳು ಕ್ಷಮೆ ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದಾಳೆ. ಬುದ್ಧಿ ಹೇಳಲೆಂದು ಕಟ್ಟಿದ ಹಾಡನ್ನು ಬುದ್ಧಿ ಹೇಳಿದವರತ್ತಲೇ ತಿರುಗಿಸಿ ನಿಲ್ಲಿಸಿದ್ದಾಳೆ. ಹಳೆಯ ಹಾಡನ್ನು ಹೊಸಬರು ಹಾಡಬೇಕಾದದ್ದು ಇದಕ್ಕೇ. ಒಂದು ಮಾತನ್ನೂ ಬದಲಿಸದೆ ತೀರ್ಪನ್ನು ಬದಲಿಸಬಹುದು.

ರಾಬಿನ್ಸನ ಹಾಡನ್ನು ಕೇಳಬೇಡಿ ಎಂದು ನಾನು ಹೇಳುತ್ತಿಲ್ಲ. ಕೇಳಿ, ಕಣ್ಣೊರೆಸಿಕೊಳ್ಳಿ. ಈಗೇನು, ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ. ಅದು ಮುಗಿದ ಕೂಡಲೇ ಸಿಮೋನಳನ್ನೂ ಹಾಕಿ. ಹುಡುಗನಿಗೆ ಸುರಿಸಿದ ಕಣ್ಣೀರಿನಲ್ಲಿ ಅರ್ಧ ಆ ಹುಡುಗಿಗೂ ಸೇರಬೇಕಾದದ್ದು. ಅವಳ ಪಾಲನ್ನು ಅವಳಿಗೆ ಕೊಡಿ.