ರೀಏಜೆಂಟ್ ಬದಲಿಸಿದ ದಿನ ಮೆಷಿನ್ ಮಾತು ಕೇಳಬೇಡಿ

ಇಲ್ಲಿ ಅಮೆರಿಕಾದಲ್ಲಿ ಹವಳ ಸಾಕುವ ಹುಚ್ಚು ಇರುವವರ ಮನೆಗೆ ಈಗ ಹೊಸ ದೇವರು ಬಂದಿದ್ದಾನೆ. (ನಮ್ಮ ದೇಶದಲ್ಲಿ ಕಲ್ಲುಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ, ಊರಲ್ಲಿರುವವರು ಆಸೆ ಪಡಬೇಡಿ!) ಟ್ಯಾಂಕಿನ ಪಕ್ಕ ಕೂತು, ದಿನಕ್ಕೆ ಮೂರ್ನಾಲ್ಕು ಸಲ ತಾನೇ ನೀರು ಹೀರಿ, ತಾನೇ ಪರೀಕ್ಷಿಸಿ, ಮೊಬೈಲಿಗೆ ಅಂಕಿ ಕಳಿಸುವ ಪೆಟ್ಟಿಗೆ. ನನ್ನ ಮನೆಯಲ್ಲೂ ಒಂದಿದೆ. ಅದರ ಮೇಲೆ ನನಗೆ ದೂರಿಲ್ಲ. ತಕರಾರು ಇರೋದು ನಾವು ಅದನ್ನು ನಂಬುವ ರೀತಿಯ ಬಗ್ಗೆ.

ಪಿಯುಸಿ ಲ್ಯಾಬಿನಲ್ಲಿ ಮಾಡಿದ ಟೈಟ್ರೇಶನ್ ನೆನಪಿದೆಯಾ? ಈ ಪೆಟ್ಟಿಗೆ ಮಾಡೋದೂ ಅದನ್ನೇ. ಬ್ಯುರೆಟ್ ಬದಲು ಪಂಪು, ನಮ್ಮ ಕಣ್ಣಿನ ಬದಲು ಸೆನ್ಸರ್, ಅಷ್ಟೇ. ನೀರಿನ ಕ್ಷಾರೀಯತೆ, ಅಂದರೆ ಕೆಎಚ್, ಅಳೆಯಲು ಎಷ್ಟು ಆಸಿಡ್ ಖರ್ಚಾಯ್ತು ಅಂತ ಲೆಕ್ಕ ಇಡುತ್ತೆ. ಆದರೆ ಆಸಿಡ್ ಎಷ್ಟು ಗಟ್ಟಿಯಾಗಿದೆ ಅನ್ನೋದು ಅದಕ್ಕೆ ತಾನಾಗಿ ಗೊತ್ತಾಗೋಲ್ಲ.

ಎಡವಟ್ಟು ಆಗೋದು ಇಲ್ಲೇ. ಬಾಟಲಿ ಹಳತಾಗಿ ನೀರಿನಂಶ ಆವಿಯಾದರೆ ಆಸಿಡ್ ಗಟ್ಟಿಯಾಗುತ್ತೆ, ಕಡಿಮೆ ಹನಿಗೇ ಕೆಲಸ ಮುಗಿಯುತ್ತೆ, ಕೆಎಚ್ ಕಡಿಮೆ ಅಂತ ತೋರಿಸುತ್ತೆ. ಹೊಸ ಬಾಟಲಿ ಹಾಕುವಾಗ ಕೊಳವೆಯಲ್ಲಿ ಗಾಳಿ ಉಳಿದರೆ ಉಲ್ಟಾ: ಪಂಪು ಗಾಳಿಯನ್ನೂ ಆಸಿಡ್ ಅಂತಲೇ ಎಣಿಸುತ್ತೆ, ಕೆಎಚ್ ಜಾಸ್ತಿ ಅನ್ನುತ್ತೆ. ಬ್ಯುರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದರೆ ಲೆಕ್ಚರರ್ ಬೈತಿದ್ದದ್ದು ಸುಮ್ಮನೆ ಅಲ್ಲ!

ಬರೀ ಅಂಕಿ ತಪ್ಪಾದರೆ ಪರವಾಗಿಲ್ಲ. ಆದರೆ ಎಷ್ಟೋ ಜನ ಡೋಸಿಂಗ್ ಪಂಪಿನ ಲಗಾಮನ್ನೂ ಇದರ ಕೈಗೇ ಕೊಟ್ಟಿರುತ್ತಾರೆ. ಸಮುದ್ರದಲ್ಲಿ ಕೆಎಚ್ ಸುಮಾರು 7, ಮನೆಯ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ 7ರಿಂದ 9. ಸುಳ್ಳು ಅಂಕಿ ನಂಬಿ ಪಂಪು ರಾತ್ರಿಯೆಲ್ಲಾ ಸುರಿದರೆ, ವರ್ಷಗಟ್ಟಲೆ ಬೆಳೆಸಿದ ಅಕ್ರೊಪೋರಾ ತುದಿ ಬಿಳಿಚಿಕೊಂಡು ಸಾಯಬಹುದು. ಹವಳಕ್ಕೆ ಅಂಕಿ ಒಂದಿಷ್ಟು ಹೆಚ್ಚುಕಮ್ಮಿ ಇದ್ದರೆ ನಡೆಯುತ್ತೆ, ದಿಢೀರ್ ಏರಿಳಿತ ಆಗೋಲ್ಲ.

ಹಾಗಾಗಿ ನನ್ನ ಪದ್ಧತಿ ಹೀಗೆ. ಬದಲಿಸುವ ಮೊದಲು ಆಟೋ ಡೋಸಿಂಗ್ ಬಂದ್, ಪಂಪು ಮಾಮೂಲಿ ಪ್ರಮಾಣ ಮಾತ್ರ ಹಾಕಬೇಕು. ಕೈಕಿಟ್ಟಿನಲ್ಲಿ ಒಂದು ಸಲ ಅಳೆದು ಬರೆದಿಡೋದು. ಹಳೇ ಬಾಟಲಿಯ ತಳದಲ್ಲಿ ಉಳಿದದ್ದನ್ನು ಹೊಸದಕ್ಕೆ ಸುರಿಯೋದು ಬೇಡವೇ ಬೇಡ. ಕೊಳವೆಯ ಗಾಳಿ ಪೂರ್ತಿ ಹೋಗುವವರೆಗೆ ಪ್ರೈಮ್ ಮಾಡಿ, ಸ್ಟ್ಯಾಂಡರ್ಡ್ ದ್ರಾವಣದಿಂದ ಕ್ಯಾಲಿಬ್ರೇಟ್ ಮಾಡಿ, ಮತ್ತೆ ಕೈಯಲ್ಲಿ ಅಳೆಯೋದು. ಒಂದು ದಿನದ ಅಂಕಿಗಳು ಕೈಲೆಕ್ಕಕ್ಕೆ ತಾಳೆಯಾದ ಮೇಲೇ ಲಗಾಮು ವಾಪಸ್.

"ಇಷ್ಟೆಲ್ಲಾ ಕೈಯಲ್ಲೇ ಮಾಡೋದಾದ್ರೆ ಅಷ್ಟು ದುಡ್ಡು ಕೊಟ್ಟು ಮೆಷಿನ್ ಯಾಕೆ?" ಅಂತ ಕೇಳಬಹುದು. ನಾವು ನಿದ್ದೆ ಮಾಡುವಾಗ, ಆಫೀಸಿನಲ್ಲಿರುವಾಗ ನೀರು ಯಾವ ಕಡೆ ವಾಲುತ್ತಿದೆ ಅಂತ ಹೇಳೋಕೆ ಅದಕ್ಕಿಂತ ಒಳ್ಳೆ ಕಾವಲುಗಾರ ಇಲ್ಲ. ಆದರೆ ಕಾವಲುಗಾರನ ಕನ್ನಡಕವನ್ನು ಆಗಾಗ ಒರೆಸಬೇಕಾದವರು ಮನೆ ಯಜಮಾನರೇ ಅಲ್ವಾ? ಎರಡು ತಿಂಗಳಿಗೊಮ್ಮೆ ಅರ್ಧ ಗಂಟೆ ಕೊಡೋಕಾಗಲ್ಲ ಅನ್ನೋರು ಹವಳ ಸಾಕೋದು ಬೇಡ ಅಂತ ನನ್ನ ಅಭಿಪ್ರಾಯ.

ನೀವೇನಂತೀರಿ?