ಯಂತ್ರ ಗುಟ್ಟಾಗಿರಲಿ, ಅದರ ಧೂಳು ಯಾಕೆ ಗುಟ್ಟು?

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ನಮ್ಮ ಚಳ್ಳಕೆರೆ ತಾಲ್ಲೂಕಿನ ಜೋಡಿ ಚಿಕ್ಕೇನಹಳ್ಳಿ ಬಳಿ ಡಿಆರ್‌ಡಿಒದ ರುಸ್ತುಂ-2 ಡ್ರೋನ್ ಬಿತ್ತು. 2023ರ ಆಗಸ್ಟ್ 20ರಂದು ಅದೇ ಜಾತಿಯ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಎರಡೂ ಸಲ ಪ್ರಾಣಹಾನಿ ಆಗಲಿಲ್ಲ, ಅದು ನಮ್ಮ ಪುಣ್ಯ. ಎರಡೂ ಸಲ ಜನ ಓಡಿ ಬಂದು ಸುತ್ತ ನಿಂತರು, ಮೊಬೈಲ್ ಹಿಡಿದರು. ಯಂತ್ರ ಏಕೆ ಬಿತ್ತು ಎಂದು ಎಲ್ಲರೂ ಕೇಳಿದರು. ಮುಟ್ಟಿದವರ ಕೈಗೆ, ಪಕ್ಕದಲ್ಲಿ ನಿಂತು ಉಸಿರಾಡಿದವರ ಎದೆಗೆ ಏನಾಗಬಹುದು ಎಂಬುದು ದೊಡ್ಡ ಪ್ರಶ್ನೆಯಾಗಲೇ ಇಲ್ಲ.

ಇಂಥ ವಿಮಾನಗಳ ಮೈಗೆ ಕಾರ್ಬನ್ ನಾರು ಮತ್ತು ಅಂಟು ಸೇರಿಸಿದ ಹಗುರ ವಸ್ತು ಬಳಸುತ್ತಾರೆ. ಅದು ಮುರಿದರೆ ಸೂಜಿಯಂಥ ಸಿಬಿರುಗಳು ಚರ್ಮಕ್ಕೆ ಚುಚ್ಚುತ್ತವೆ. ಬೆಂಕಿ ಹತ್ತಿದರೆ ಅಂಟು ಸುಟ್ಟು ಹೋಗಿ, ನಾರು ಸಣ್ಣ ಧೂಳಾಗಿ ಗಾಳಿಗೆ ಸೇರುತ್ತದೆ. ಹೊರದೇಶದ ವಾಯುಸೇನೆಗಳಲ್ಲಿ ಇಂಥ ಅವಶೇಷ ಎತ್ತುವವರು ಮಾಸ್ಕ್, ಕೈಗವಸು, ಮೈಮುಚ್ಚುವ ಉಡುಪು ಹಾಕಿಕೊಳ್ಳಬೇಕು. ಧೂಳು ಏಳದಂತೆ ಮೊದಲು ದ್ರಾವಣ ಸಿಂಪಡಿಸುತ್ತಾರೆ. ನಮ್ಮ ಊರಿನ ಹುಡುಗರು ಬರಿಗಾಲಲ್ಲಿ, ಬರಿಗೈಯಲ್ಲಿ ಹೋಗುತ್ತಾರೆ.

ಅಮೆರಿಕದ ಸೇನೆಯಲ್ಲಿ 1980ರ ದಶಕದಿಂದಲೂ ಒಂದು ಪದ್ಧತಿ ಇದೆ. ಹೊಸ ಆಯುಧ, ಹೊಸ ವಾಹನ ಸೈನಿಕನ ಕೈಗೆ ಹೋಗುವ ಮೊದಲೇ ಅದರಿಂದ ಅವನ ಆರೋಗ್ಯಕ್ಕೆ ಏನು ಅಪಾಯ ಎಂದು ಲೆಕ್ಕ ಹಾಕುತ್ತಾರೆ. ಸದ್ದು, ನಡುಕ, ರಾಸಾಯನಿಕ, ವಿಕಿರಣ, ಬಿಸಿ, ಎಲ್ಲವೂ ಆ ಪಟ್ಟಿಯಲ್ಲಿವೆ. ಒಳ್ಳೆಯ ಪದ್ಧತಿಯೇ. ಆದರೆ ಅದು ಮುಖ್ಯವಾಗಿ ಯಂತ್ರ ಬಳಸುವ ಸೈನಿಕನ ಲೆಕ್ಕ. ಪರೀಕ್ಷಾ ಕೇಂದ್ರದಲ್ಲಿ ಕಸ ಗುಡಿಸುವ ಗುತ್ತಿಗೆ ಹೆಂಗಸು, ಬೇಲಿ ಪಕ್ಕ ಕುರಿ ಕಾಯುವವನು, ಶೇಂಗಾ ಹೊಲದಲ್ಲಿ ಕಳೆ ಕೀಳುವವಳು ಯಾವ ಪಟ್ಟಿಗೆ ಸೇರುತ್ತಾರೆ? ಇದೇ ನಮ್ಮ ಪ್ರಶ್ನೆ.

ಈ ಪ್ರಶ್ನೆ ತಳಕು ಭಾಗದವರಿಗೆ ದೂರದ್ದಲ್ಲ. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲಿನ 4,000 ಎಕರೆಗೂ ಹೆಚ್ಚು ಜಾಗ ಡಿಆರ್‌ಡಿಒಗೆ ಹೋಯಿತು. 2017ರ ಮೇ 28ರಂದು ಅಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಯುರೇನಿಯಂ ಸಂವರ್ಧನೆ ಮಾಡಲು ಜಾಗ ಕೊಟ್ಟರು. ಆ ಕೆಲಸದಲ್ಲಿ ಬಳಸುವ ಯುರೇನಿಯಂ ಹೆಕ್ಸಾಫ್ಲೋರೈಡ್ ಗಾಳಿಯ ತೇವ ತಾಗಿದರೆ ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ದೇಹಕ್ಕೆ ಸೇರಿದ ಯುರೇನಿಯಂ ಮೊದಲು ಹಾಳುಮಾಡುವುದು ಮೂತ್ರಪಿಂಡವನ್ನು.

"ದೇಶದ ರಕ್ಷಣೆ, ಗುಟ್ಟು ಬೇಕು" ಎಂಬ ಉತ್ತರ ಬರುತ್ತದೆ. ಕಾನೂನೂ ಆ ಕಡೆಗೇ ವಾಲಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ರಕ್ಷಣಾ ಯೋಜನೆಗಳಿಗೆ ಜನರ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಡಿಆರ್‌ಡಿಒ ಹೆಸರಿದೆ, ಹಾಗಾಗಿ ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಮಾಹಿತಿ.

ಡ್ರೋನ್ ಎಷ್ಟು ಎತ್ತರ ಹಾರುತ್ತದೆ, ಅದರ ಕ್ಯಾಮೆರಾ ಎಷ್ಟು ದೂರ ನೋಡುತ್ತದೆ ಎಂಬುದು ನಮಗೆ ಬೇಡ. ಅದು ಗುಟ್ಟಾಗಿಯೇ ಇರಲಿ. ಬಿದ್ದ ತುಂಡನ್ನು ಮುಟ್ಟಬೇಡಿ, ಗಾಳಿ ಬೀಸುವ ದಿಕ್ಕಿಗೆ ನಿಲ್ಲಬೇಡಿ, ಈ ನಂಬರಿಗೆ ಫೋನ್ ಮಾಡಿ ಎಂದು ಕನ್ನಡದಲ್ಲಿ ಒಂದು ಬೋರ್ಡು ಹಾಕಿದರೆ ಯಾವ ಶತ್ರುವಿಗೆ ಯಾವ ಗುಟ್ಟು ಸಿಗುತ್ತದೆ?

1984ರ ಭೋಪಾಲ್ ದುರಂತದ ಪಾಠ ಇದೇ ಆಗಿತ್ತು. ಒಳಗೆ ಏನಿದೆ ಎಂದು ಹೊರಗಿನವರಿಗೆ ಗೊತ್ತಿರಲಿಲ್ಲ. ಆಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ 41ಬಿ ಕಲಂ ಸೇರಿಸಿದರು: ಅಪಾಯಕಾರಿ ಕೆಲಸ ನಡೆಸುವವರು ಕಾರ್ಮಿಕರಿಗೆ, ಸ್ಥಳೀಯ ಸಂಸ್ಥೆಗೆ, ಸುತ್ತಲ ಜನರಿಗೆ ಅಪಾಯದ ಮಾಹಿತಿ ಕೊಡಬೇಕು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲೂ ಇದೇ ಮಾತಿದೆ. ಪರೀಕ್ಷಾ ಕೇಂದ್ರ ಕಾರ್ಖಾನೆಯಲ್ಲ ಎಂದು ವಾದ ಮಾಡಬಹುದು. ಯಂತ್ರ ಬೇಲಿ ದಾಟಿ ರೈತನ ಹೊಲಕ್ಕೆ ಬಿದ್ದ ಮೇಲೆ ಆ ವಾದಕ್ಕೆ ಏನು ಬೆಲೆ?

ಇನ್ನೊಂದು ಮಾತು. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮೊದಲಿಂದಲೂ ಇದೆ. ಪೂರ್ವ ಕರ್ನಾಟಕದ ಅನೇಕ ಹಳ್ಳಿಗಳ ನೀರಿನಲ್ಲಿ ಬಂಡೆಯಿಂದಲೇ ಇಳಿಯುವ ಯುರೇನಿಯಂ ಕೂಡ ಅಧ್ಯಯನಗಳಲ್ಲಿ ಕಂಡಿದೆ. ಇವತ್ತಿನ ಲೆಕ್ಕ ಬರೆದಿಡದಿದ್ದರೆ, ನಾಳೆ ಯಾರಿಗಾದರೂ ಕಾಯಿಲೆ ಬಂದಾಗ "ಅದು ನಿಮ್ಮ ನೀರಲ್ಲೇ ಇತ್ತು" ಎಂದು ಕೈತೊಳೆದುಕೊಳ್ಳಬಹುದು. ಅದು ನಿಜವೋ ಸುಳ್ಳೋ ಯಾರೂ ಹೇಳಲಾರರು. ಹಳೆಯ ಲೆಕ್ಕ ಇದ್ದರೆ ಅದು ನಮ್ಮನ್ನೂ ಕಾಯುತ್ತದೆ, ಸಂಸ್ಥೆಗಳನ್ನೂ ಸುಳ್ಳು ಆರೋಪದಿಂದ ಕಾಯುತ್ತದೆ.

ನಾವು ಕೇಳುವುದು ನಾಲ್ಕೇ. ಒಂದು, ಸುತ್ತಲ ಹಳ್ಳಿಗಳ ನೀರು, ಮಣ್ಣು, ಜನರ ಆರೋಗ್ಯದ ಈಗಿನ ಲೆಕ್ಕ ಮಾಡಿ ಪಂಚಾಯಿತಿಯಲ್ಲಿ ಅಂಟಿಸಬೇಕು. ಎರಡು, ಗುತ್ತಿಗೆ ಕೆಲಸಗಾರರಿಗೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ವರದಿಯನ್ನು ಅವರ ಕೈಗೇ ಕೊಡಬೇಕು. ಗುತ್ತಿಗೆದಾರ ಬದಲಾದರೂ ಆ ದಾಖಲೆ ಉಳಿಯಬೇಕು. ಮೂರು, ಅವಘಡವಾದರೆ ಏನು ಮಾಡಬೇಕೆಂಬ ಕನ್ನಡದ ಸೂಚನೆ ಶಾಲೆ, ಆಸ್ಪತ್ರೆ, ಪಂಚಾಯಿತಿಗಳಲ್ಲಿ ಇರಬೇಕು. ನಾಲ್ಕು, ಯಂತ್ರ ಬಿದ್ದ ಹೊಲವನ್ನು ಶುಚಿ ಮಾಡಿ, ಉಳುಮೆಗೆ ಯೋಗ್ಯ ಎಂದು ಬರೆದುಕೊಡಬೇಕು, ಬೆಳೆ ನಷ್ಟ ತುಂಬಿಕೊಡಬೇಕು.

ನಿಮ್ಮ ಪಂಚಾಯಿತಿ ಬೋರ್ಡಿನಲ್ಲಿ ಇಂಥ ಒಂದು ಸೂಚನೆ ಇದೆಯೇ ಎಂದು ನಾಳೆ ಹೋಗಿ ನೋಡಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಬಾಯಿಮಾತಲ್ಲಿ ಬಿಡಬೇಡಿ, ಠರಾವು ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಮಾಡಿಸಿ, ಜಿಲ್ಲಾಧಿಕಾರಿಗೆ ಕಳಿಸಿ. ಕಾವಲು ಕೊಟ್ಟವರು ನಾವು. ಅಲ್ಲಿಂದ ಬರುವ ಗಾಳಿಯಲ್ಲಿ ಏನಿದೆ ಎಂದು ಕೇಳುವುದು ದೇಶದ್ರೋಹ ಅಲ್ಲ.