ಗುಡ್ಡದ ಬುಡದ ಮನೆ

ಮಲೆನಾಡಿನಲ್ಲಿ ಸಮತಟ್ಟಾದ ನೆಲ ದುರ್ಲಭ. ಇದ್ದಷ್ಟೂ ಗದ್ದೆಗೆ ಮೀಸಲು. ಆದಕಾರಣ ಗುಡ್ಡದ ಬುಡವನ್ನು ಕಡಿದು ನಿವೇಶನ ಮಾಡಿಕೊಳ್ಳುವುದು ಅಲ್ಲಿಯ ರೂಢಿ. ಹಿಂದೆ ಗುದ್ದಲಿ ಹಿಡಿದವನ ತೋಳು ಸೋತಾಗ ಅಗೆತವೂ ನಿಲ್ಲುತ್ತಿತ್ತು. ಇಂದಿನ ಯಂತ್ರಕ್ಕೆ ದಣಿವಿಲ್ಲ. ಒಂದೆರಡು ದಿನಗಳಲ್ಲಿಯೇ ಮನೆಯ ಹಿಂದೆ ಗೋಡೆಯಂತಹ ಮಣ್ಣಿನ ಕಡಿದಾದ ಅಂಚು ಎದ್ದು ನಿಲ್ಲುತ್ತದೆ. ಇದನ್ನು ಮಲೆನಾಡಿನ ಹಲವೆಡೆ ಧರೆಯೆಂದೂ ಕೊಡಗಿನಲ್ಲಿ ಬರೆಯೆಂದೂ ಕರೆಯುತ್ತಾರೆ.

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಜರಿದು ಮನೆಗಳು ನೆಲಸಮವಾದವು. ಮಳೆ ಅಸಾಧಾರಣವಾಗಿತ್ತೆಂಬುದು ನಿಜ. ಆದರೆ ಸ್ಥಳಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು, ರಸ್ತೆಗಳಿಗೂ ಮನೆಗಳಿಗೂ ಇಳಿಜಾರನ್ನು ಕಡಿದುದನ್ನು ಮುಖ್ಯ ಕಾರಣವಾಗಿ ಎತ್ತಿ ತೋರಿಸಿದರು. ಗುಡ್ಡವೆಂದರೆ ಬಂಡೆಯ ಮೇಲೆ ಹೊದಿಸಿದ ಮಣ್ಣು. ದಿನಗಟ್ಟಲೆ ಸುರಿದ ಮಳೆ ಒಳಗಿಳಿದಾಗ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಬುಡದ ಆಸರೆಯನ್ನು ನಾವೇ ಕಿತ್ತಿದ್ದರೆ ಅದು ಜಾರದೆ ಇನ್ನೇನು ಮಾಡೀತು? ಜಾರುವ ಮುನ್ನ ಅದು ಹಲವು ವೇಳೆ ಸೂಚನೆ ಕೊಡುವುದುಂಟು: ನೆಲದಲ್ಲಿ ಬಿರುಕು, ವಾಲಿದ ಮರ, ಇಲ್ಲದಿದ್ದೆಡೆ ಉಕ್ಕುವ ಕೆಸರುನೀರು. ಇವನ್ನು ಕಂಡೊಡನೆ ಮನೆ ಬಿಟ್ಟು ಹೊರಡಬೇಕು, ಬೆಳಗಾಗಲೆಂದು ಕಾಯಬಾರದು.

‘ನಾನು ಗುಡ್ಡ ಕಡಿದಿಲ್ಲ, ನನಗೇನು ಭಯ?’ ಎನ್ನುವವರಿದ್ದಾರೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳನ್ನು ಕೊಚ್ಚಿಹಾಕಿದ ಮಣ್ಣು ಬಂಡೆಗಳು ಅಲ್ಲಿಯವಲ್ಲ. ಹಲವು ಕಿಲೋಮೀಟರು ಮೇಲಿನಿಂದ ಹೊಳೆಯ ಪಾತ್ರದಲ್ಲಿ ಇಳಿದು ಬಂದವು. ಎಂದಮೇಲೆ ಮನೆಯ ಕ್ಷೇಮ ಮನೆಯೊಡೆಯನೊಬ್ಬನ ಕೈಯಲ್ಲಿಲ್ಲ. ಅದು ಊರಿನ ಹೊಣೆ. ಕಟ್ಟಲು ಅನುಮತಿ ಕೊಡುವ ಪಂಚಾಯಿತಿಯು ನಿವೇಶನದ ಉದ್ದಗಲವನ್ನಷ್ಟೇ ಅಲ್ಲ, ಹಿಂದಿನ ಬರೆಯ ಎತ್ತರವೆಷ್ಟು, ಮೇಲಿನ ನೀರು ಎತ್ತ ಹರಿಯುತ್ತದೆ ಎಂಬುದನ್ನೂ ಕೇಳಬೇಕೆಂದು ನನ್ನ ಅಭಿಪ್ರಾಯ.

ಹೊಳೆದಂಡೆಯವರ ಸ್ಥಿತಿ ಬೇರೆ. 2019ರಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ದಂಡೆಯ ಮನೆಗಳು ಮುಳುಗಿದವು. ಇಂತಹ ಕಡೆ ಅನೇಕರು ನೆಲೆಸುವುದು ಹೊಳೆಯ ಸೊಬಗಿಗಾಗಿಯಲ್ಲ. ಬೇರೆಡೆ ಅಂಗೈಯಗಲ ನೆಲವೂ ಇಲ್ಲದ ಕೂಲಿಕಾರರು ಅವರು. ಅವರನ್ನು ಅತಿಕ್ರಮಣಕಾರರೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ಮೊದಲು ನೆಲ ತೋರಿಸಿ, ಆಮೇಲೆ ‘ಏಳಿ’ ಎನ್ನಬೇಕು.

ಸಂತ್ರಸ್ತರಿಗಾಗಿ ಜಂಬೂರು, ಮದೆನಾಡು ಮುಂತಾದೆಡೆ ಹೊಸ ಮನೆಗಳೆದ್ದವು. ಅದು ಒಳ್ಳೆಯ ಕೆಲಸವೇ. ಆದರೆ ತೋಟ ಹಳೆಯ ಊರಿನಲ್ಲಿಯೇ ಉಳಿದವನು ಕಾಫಿ ಕೊಯ್ಯಲು ಅಲ್ಲಿಗೇ ಹೋಗಬೇಕು. ಕೊಯ್ಲಿನ ಕಾಲದಲ್ಲಿ ಅವನು ಹಳೆಯ ಮನೆಯಲ್ಲಿ ನಾಲ್ಕು ದಿನ ತಂಗಿದನೆಂದರೆ ಆಶ್ಚರ್ಯವೇನು? ಕೊಯ್ಲು ಬೀಳುವುದು ಮಳೆಯಿಲ್ಲದ ತಿಂಗಳುಗಳಲ್ಲಿ. ಜೂನ್ ಹತ್ತಿರವಾದಂತೆ ಅವನು ಹೊಸ ಮನೆಗೆ ಹಿಂತಿರುಗಿದನೇ ಎಂದು ವಿಚಾರಿಸುವವರು ಊರಿನಲ್ಲಿ ಯಾರಾದರೂ ಇರಬೇಕು.